ಕಾಗಿಣಾ ದಂಡೆಗೆ ಕಡಲಿನ ಉಪ್ಪು

ಕಲಬುರಗಿ ಬಿಟ್ಟ ರೈಲು ಶಹಾಬಾದ್ ಸಮೀಪಿಸುತ್ತಿದ್ದಂತೆ ಹಳಿಗಳ ಎರಡೂ ಬದಿಯ ನೋಟ ಬದಲಾಗುತ್ತದೆ. ತೊಗರಿ, ಜೋಳದ ಎರೆಹೊಲಗಳು ಹಿಂದೆ ಸರಿದು ಬೂದು ಬಣ್ಣದ ಕಲ್ಲಿನ ಒಟ್ಟಿಲುಗಳು ಎದುರಾಗುತ್ತವೆ. ದೇಶದ ಎಷ್ಟೋ ಊರುಗಳ ಮನೆ, ಶಾಲೆ, ಗುಡಿ, ರೈಲು ನಿಲ್ದಾಣಗಳ ನೆಲಕ್ಕೆ ಹಾಸಾಗಿರುವ ಶಹಾಬಾದ್ ಕಲ್ಲು ಇದೇ. ಇಲ್ಲಿನ ಜನರ ಬಾಯಲ್ಲಿ ಅದು ಪರ್ಸಿ. ಖಣಿಗಿಳಿದ ಕಾರ್ಮಿಕ ಹದವರಿತು ಏಟು ಹಾಕಿದರೆ ಸಾಕು, ಒಟ್ಟಿದ ರೊಟ್ಟಿಗಳಲ್ಲಿ ಒಂದೊಂದನ್ನೇ ಎತ್ತಿದಂತೆ ಕಲ್ಲು ಪದರು ಪದರಾಗಿ ಎದ್ದು ಬರುತ್ತದೆ.

ಈ ಪದರುಗಳ ಹಿಂದೆ ದೊಡ್ಡ ಕಥೆಯಿದೆ. ಭೂವಿಜ್ಞಾನಿಗಳು ಭೀಮಾ ಕೊಳ್ಳ ಎಂದು ಕರೆಯುವ ಈ ಪ್ರದೇಶ ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ಅಡಿಯಲ್ಲಿತ್ತು. ಆ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರೇ ಕಾಲಾಂತರದಲ್ಲಿ ಗಟ್ಟಿಯಾಗಿ ಸುಣ್ಣದ ಕಲ್ಲಾಯಿತು. ಶಹಾಬಾದ್, ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದ್ದು ಈ ಕಲ್ಲನ್ನು ನಂಬಿಯೇ. ಸಮುದ್ರ ಮಾತ್ರ ಎಂದೋ ಹೊರಟುಹೋಗಿದೆ. ಇಂದು ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಇಲ್ಲಿಂದ ನೂರಾರು ಕಿಲೋಮೀಟರ್ ದಾರಿ. ಕಡಲನ್ನು ಕಣ್ಣಾರೆ ಕಾಣದೆ ಬಾಳು ಮುಗಿಸಿದ ಹಿರಿಯರು ಈ ಊರುಗಳಲ್ಲಿ ಅದೆಷ್ಟೋ ಮಂದಿ.

ಆದರೆ ಮನುಷ್ಯನ ದೇಹ ಇನ್ನೂ ಕಡಲಿನ ಹಂಗು ಬಿಟ್ಟಿಲ್ಲ. ಶಾಲೆಗೆ ಹೋಗುವ ಮಗು ಎತ್ತರಕ್ಕೆ ಬೆಳೆಯಬೇಕಾದರೂ, ಹೇಳಿದ ಪಾಠ ತಲೆಗೆ ಹತ್ತಬೇಕಾದರೂ, ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಮೆದುಳು ಸರಿಯಾಗಿ ಮೂಡಬೇಕಾದರೂ ಕಡಲಿನಲ್ಲಿ ಧಾರಾಳವಾಗಿರುವ ಒಂದು ವಸ್ತು ಚೂರೇ ಚೂರು ಬೇಕು. ಅದೇ ಅಯೋಡಿನ್.

ಕತ್ತಿನೊಳಗಿನ ಚಿಟ್ಟೆ

1811ರಲ್ಲಿ ಫ್ರಾನ್ಸ್ ದೇಶದ ಬರ್ನಾರ್ಡ್ ಕುರ್ತ್ವಾ ಎಂಬಾತ ಕಡಲ ಪಾಚಿಯ ಬೂದಿಯ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಗ್ರೀಕ್ ಭಾಷೆಯಲ್ಲಿ ನೇರಳೆ ಬಣ್ಣವನ್ನು ಸೂಚಿಸುವ ಪದದಿಂದಲೇ ಈ ಹೊಸ ಧಾತುವಿಗೆ ಅಯೋಡಿನ್ ಎಂಬ ಹೆಸರು ಬಂತು. ಅದಕ್ಕೂ ಮಾನವ ಶರೀರಕ್ಕೂ ಇರುವ ನಂಟು ಖಚಿತವಾಗಲು ಮತ್ತೆ ಎಂಬತ್ತು ವರ್ಷಗಳೇ ಬೇಕಾದವು. 1895ರಲ್ಲಿ ಜರ್ಮನಿಯ ಯೂಜೆನ್ ಬೌಮನ್ ಥೈರಾಯ್ಡ್ ಗ್ರಂಥಿಯಲ್ಲಿ ಅಯೋಡಿನ್ ಇರುವುದನ್ನು ಕಂಡುಹಿಡಿದರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಆ ಗ್ರಂಥಿ ತಯಾರಿಸುವ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು.

ಥೈರಾಯ್ಡ್ ಗ್ರಂಥಿ ಇರುವುದು ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಆತುಕೊಂಡು. ಆಕಾರ ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ. ಅದು ತಯಾರಿಸುವ ಥೈರಾಕ್ಸಿನ್‌ನ ಪ್ರತಿಯೊಂದು ಅಣುವಿಗೂ ಅಯೋಡಿನ್ನಿನ ನಾಲ್ಕು ಪರಮಾಣುಗಳು ಬೇಕು. ಮೈಯ ಕಾವು, ಹೃದಯದ ಬಡಿತ, ಮೂಳೆಗಳ ಬೆಳವಣಿಗೆ, ಮೆದುಳಿನ ರಚನೆ ಇವೆಲ್ಲಕ್ಕೂ ಈ ಹಾರ್ಮೋನಿನ ಅಪ್ಪಣೆ ಬೇಕು. ಅಯೋಡಿನ್ ಸಾಲದೆ ಹೋದಾಗ ಗ್ರಂಥಿ ಸಿಕ್ಕಷ್ಟನ್ನೂ ಹಿಡಿದಿಟ್ಟುಕೊಳ್ಳಲು ಹೆಣಗಿ ತಾನೇ ದಪ್ಪಗಾಗುತ್ತದೆ. ಕತ್ತು ಊದಿಕೊಳ್ಳುತ್ತದೆ. ಇದೇ ಗಳಗಂಡ. ಸುಶ್ರುತ ಸಂಹಿತೆಯಲ್ಲೂ ಈ ರೋಗದ ವರ್ಣನೆ ಇರುವುದನ್ನು ನೋಡಿದರೆ ಇದು ನಮ್ಮ ನಾಡಿಗೆ ಎಷ್ಟು ಹಳೆಯದೆಂದು ತಿಳಿಯುತ್ತದೆ.

ಬೆಳೆದವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 120. ಗರ್ಭಿಣಿಯರಿಗೆ, ಎದೆಹಾಲುಣಿಸುವ ತಾಯಂದಿರಿಗೆ 250. ಒಂದು ಗ್ರಾಂನಲ್ಲಿ ಹತ್ತು ಲಕ್ಷ ಮೈಕ್ರೊಗ್ರಾಂಗಳಿವೆ ಎಂಬುದನ್ನು ನೆನೆದರೆ ಇದು ಎಷ್ಟು ಅಲ್ಪವೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಎಪ್ಪತ್ತು ವರ್ಷ ಬದುಕಿದವರಿಗೂ ಇಡೀ ಜೀವಮಾನಕ್ಕೆ ಬೇಕಾಗುವುದು ನಾಲ್ಕು ಗ್ರಾಂನೊಳಗೆ, ಅಂದರೆ ಒಂದು ಚಹಾ ಚಮಚೆಗೂ ಕಡಿಮೆ. ಆದರೆ ಅದನ್ನು ಒಂದೇ ಸಲಕ್ಕೆ ತಿಂದು ಜನ್ಮಕ್ಕೆಲ್ಲ ಕೂಡಿಟ್ಟುಕೊಳ್ಳುವಂತಿಲ್ಲ. ದಿನದಿನದ ಊಟದಲ್ಲೇ ಬರಬೇಕು.

ಊಟಕ್ಕೆ ಅದು ಎಲ್ಲಿಂದ ಬರಬೇಕು? ಮಣ್ಣಿನಲ್ಲಿದ್ದರೆ ಬೆಳೆಗೆ ಬರುತ್ತದೆ, ಬೆಳೆಯಿಂದ ತಟ್ಟೆಗೆ. ತೊಂದರೆಯೇನೆಂದರೆ ಅಯೋಡಿನ್ ನೀರಿನೊಡನೆ ಸುಲಭವಾಗಿ ಹೊರಟುಹೋಗುತ್ತದೆ. ಮಳೆ ಮಣ್ಣನ್ನು ತೊಳೆಯುತ್ತದೆ. ಚಿಂಚೋಳಿ ಸೀಮೆಯ ನೀರನ್ನು ಮುಲ್ಲಾಮಾರಿ ಹೊತ್ತು ತಂದು ಕಾಗಿಣಾ ನದಿಗೆ ಕೊಡುತ್ತದೆ. ಕಾಗಿಣಾ ಸೇಡಂ, ಮಳಖೇಡಗಳನ್ನು ಬಳಸಿ ಬಂದು ಶಹಾಬಾದ್ ಬಳಿಯ ಹೊನಗುಂಟಾದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಕೃಷ್ಣೆಯನ್ನು, ಕೃಷ್ಣೆ ಸಮುದ್ರವನ್ನು. ಹೀಗೆ ಹೋದ ಅಯೋಡಿನ್ ಕಡಲ ಗಾಳಿ, ಮಳೆಗಳ ಮೂಲಕ ಮರಳಿ ನೆಲಕ್ಕೆ ಬರುವುದೂ ಉಂಟು. ಆದರೆ ಆ ವಾಪಸಾತಿ ಬಲು ನಿಧಾನ. ಕಾಲಡಿಯ ಕಲ್ಲು ಕಡಲಿನದ್ದೆಂದ ಮಾತ್ರಕ್ಕೆ ಅದರ ಮೇಲೆ ಬೆಳೆದ ಜೋಳದಲ್ಲಿ ಸಾಕಷ್ಟು ಅಯೋಡಿನ್ ಇದ್ದೇ ಇರುತ್ತದೆಂದು ನಂಬಿ ಕೂರುವಂತಿಲ್ಲ.

ಜಂಕ್ಷನ್ನಿನಲ್ಲಿ ಉಪ್ಪಿನ ದಾರಿ

ಶಹಾಬಾದ್ ನಂತರ ವಾಡಿ. 1968ರಲ್ಲಿ ಶುರುವಾದ ಎಸಿಸಿ ಸಿಮೆಂಟ್ ಕಾರ್ಖಾನೆಯಿಂದಾಗಿ ಹೆಸರಾದ ಊರು. ಅದಕ್ಕೂ ಮೊದಲೇ ಹೆಸರು ತಂದುಕೊಟ್ಟಿದ್ದು ರೈಲು. ಮುಂಬಯಿಯಿಂದ ಹೊರಟ ಹಳಿ ಈ ಸೀಮೆಯನ್ನು ಹಾದು 1871ರಲ್ಲಿ ರಾಯಚೂರು ತಲುಪಿ, ಮದರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ಸರಕಾರ ವಾಡಿಯಿಂದ ಸಿಕಂದರಾಬಾದಿಗೆ ತನ್ನದೇ ಹಳಿ ಹಾಕಿಸಿತು. ಅಂದಿನಿಂದ ವಾಡಿ ಜಂಕ್ಷನ್ ಆಯಿತು.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಐದೂ ಊರುಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯಕ್ಕೆ ಕಡಲ ಕಿನಾರೆಯೇ ಇರಲಿಲ್ಲ. ಹಾಗಾಗಿ ಕಡಲಿನ ಉಪ್ಪೆಂದರೆ ಯಾವಾಗಲೂ ಹೊರಗಿನಿಂದ ಬರಬೇಕಾದ ಸರಕು. ರೈಲು ಬರುವುದಕ್ಕೆ ಮುನ್ನ ಎತ್ತುಗಳ ಬೆನ್ನಿನ ಮೇಲೆ ಬರುತ್ತಿತ್ತು. ರೈಲು ಬಂದ ಮೇಲೆ ವ್ಯಾಗನ್ನಿನಲ್ಲಿ ಬಂತು. ಇಂದಿಗೂ ದೇಶದ ಉಪ್ಪಿನ ಬಹುಪಾಲು ತಯಾರಾಗುವುದು ಗುಜರಾತಿನ ಕಡಲ ದಂಡೆಯಲ್ಲಿ. ನಂತರದ ಸ್ಥಾನ ತಮಿಳುನಾಡಿನ ತೂತ್ತುಕುಡಿ ಕಡೆಯದು. ನಮ್ಮ ರಾಜ್ಯದಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳಿಗೂ ಹಳೆಯ ಹೆಸರಿದೆ.

ಆ ಉಪ್ಪಿನಲ್ಲೇ ಅಯೋಡಿನ್ ಇಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ಸಹಜವೇ. ಆದರೆ ಕಡಲ ನೀರು ಆರಿ ಹರಳಾಗುವಾಗ ಉಪ್ಪಿನಲ್ಲಿ ಉಳಿಯುವ ಅಯೋಡಿನ್ ತೀರಾ ಕಡಿಮೆ. ಆದ್ದರಿಂದ ಪೊಟ್ಯಾಸಿಯಂ ಅಯೋಡೇಟ್ ಎಂಬ ಲವಣವನ್ನು ಅಳತೆ ಪ್ರಕಾರ ಮತ್ತೆ ಬೆರೆಸಬೇಕು. ಸ್ವಿಟ್ಜರ್ಲೆಂಡ್ 1922ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯ 1924ರಲ್ಲಿ ಈ ದಾರಿ ಹಿಡಿದವು. ಹಾಲು, ಹಿಟ್ಟು, ಎಣ್ಣೆ ಯಾವುದನ್ನೂ ಆರಿಸದೆ ಉಪ್ಪನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಬಡವರೂ ಬಲ್ಲಿದರೂ ದಿನವೂ ತಿನ್ನುವ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುವ ವಸ್ತು ಅದೊಂದೇ.

ನಮ್ಮ ದೇಶದಲ್ಲಿ ಇದರ ಪರೀಕ್ಷೆ ನಡೆದದ್ದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು 1956ರಲ್ಲಿ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಕೆಲ ವರ್ಷಗಳ ಬಳಿಕ ನೋಡಿದಾಗ ಅಯೋಡಿನ್ ಉಪ್ಪು ತಿಂದ ಕಡೆ ಮಕ್ಕಳ ಗಳಗಂಡ ಗಣನೀಯವಾಗಿ ತಗ್ಗಿತ್ತು, ಸಾದಾ ಉಪ್ಪಿನ ಕಡೆ ತಗ್ಗಿರಲಿಲ್ಲ. ಆಮೇಲೆ ಮೂರೂ ವಲಯಗಳಿಗೆ ಅಯೋಡಿನ್ ಉಪ್ಪನ್ನೇ ಕೊಡಲಾಯಿತು. 1962ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಹಮ್ಮಿಕೊಂಡಿತು.

ಮೊದಲೆಲ್ಲ ಇದು ಹಿಮಾಲಯದ ತಪ್ಪಲಿನ ಕಾಯಿಲೆ, ಬಯಲುಸೀಮೆಗೆ ಸಂಬಂಧವಿಲ್ಲ ಎಂಬ ಭಾವನೆ ಇತ್ತು. ಸಮೀಕ್ಷೆಗಳು ನಡೆದಂತೆಲ್ಲ ಆ ಭಾವನೆ ಕುಸಿಯಿತು. ದೇಶದ ಯಾವ ರಾಜ್ಯವೂ ಅಯೋಡಿನ್ ಕೊರತೆಯಿಂದ ಪೂರ್ತಿ ಮುಕ್ತವಲ್ಲ ಎಂದು ಗೊತ್ತಾಯಿತು. ನಮ್ಮ ಬೆಳಗಾವಿ ಜಿಲ್ಲೆಯ ಗ್ರಾಮೀಣ ಭಾಗದ ಮಕ್ಕಳಲ್ಲಿ ಗಳಗಂಡ ಇರುವುದನ್ನು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 1992ರಲ್ಲಿ ಕಾರ್ಯಕ್ರಮದ ಹೆಸರನ್ನೇ ಬದಲಿಸಿ, ಗಳಗಂಡವೊಂದೇ ಅಲ್ಲದೆ ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳನ್ನೂ ಅದರಡಿ ತರಲಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ಮನುಷ್ಯರ ಆಹಾರಕ್ಕಾಗಿ ಮಾರುವುದನ್ನು 1998ರಲ್ಲಿ ದೇಶಾದ್ಯಂತ ನಿಷೇಧಿಸಲಾಯಿತು. ಜನರ ಆಯ್ಕೆಯನ್ನು ಕಸಿಯಬಾರದು, ಸಣ್ಣ ಉತ್ಪಾದಕರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂಬ ವಾದಗಳೆದ್ದು 2000ದಲ್ಲಿ ನಿಷೇಧ ತೆರವಾಯಿತು. 2006ರ ಮೇ ತಿಂಗಳಿಂದ ಮತ್ತೆ ಜಾರಿಗೆ ಬಂದು ಉಳಿದುಕೊಂಡಿತು. ಪೊಟ್ಟಣದ ಮೇಲೆ ಕಾಣುವ ನಗುವ ಸೂರ್ಯನ ಗುರುತು ಅಯೋಡಿನ್ ಉಪ್ಪಿನ ಲಾಂಛನ.

ನಾಗಾವಿಯ ಪಕ್ಕದ ಶಾಲೆಗಳು

ವಾಡಿಯಿಂದ ಸಿಕಂದರಾಬಾದ್ ಹಳಿ ಹಿಡಿದರೆ ಸ್ವಲ್ಪ ಹೊತ್ತಿಗೆ ಚಿತ್ತಾಪುರ. ಅದರ ಪಕ್ಕದಲ್ಲೇ ನಾಗಾವಿ. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲಕ್ಕೆ ಇಲ್ಲಿ ಹೆಸರಾಂತ ಘಟಿಕಾಸ್ಥಾನವಿತ್ತು. ವೇದ, ಶಾಸ್ತ್ರ ಕಲಿಯುವ ವಿದ್ಯಾರ್ಥಿಗಳಿಗೆ ಊಟ ವಸತಿಯ ಏರ್ಪಾಡು, ಕಲಿಸುವ ಗುರುಗಳು, ಗ್ರಂಥಭಂಡಾರ ನೋಡಿಕೊಳ್ಳುವವರು ಇದ್ದರೆಂದು ಶಾಸನಗಳು ಹೇಳುತ್ತವೆ. ಓದುವ ಮಕ್ಕಳ ಹೊಟ್ಟೆಯ ಚಿಂತೆಯನ್ನು ಸಾವಿರ ವರ್ಷಗಳ ಹಿಂದೆಯೇ ಮಾಡಿದ ನೆಲವಿದು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲೂ ಈ ಜಿಲ್ಲೆ ಸೇರಿತ್ತು.

ಅಯೋಡಿನ್ ಕೊರತೆಯ ಸಮೀಕ್ಷೆ ನಡೆಸುವವರು ಮೊದಲು ಬರುವುದು ಶಾಲೆಗೇ. ಆರರಿಂದ ಹನ್ನೆರಡು ವರ್ಷದ ಮಕ್ಕಳನ್ನು ನಿಲ್ಲಿಸಿ ಕತ್ತನ್ನು ಮುಟ್ಟಿ ನೋಡುತ್ತಾರೆ. ಥೈರಾಯ್ಡ್ ಗ್ರಂಥಿಯ ಒಂದೊಂದು ಹಾಲೆಯೂ ಆ ಮಗುವಿನ ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ದೊಡ್ಡದಾಗಿದ್ದರೆ ಅದು ಗಳಗಂಡದ ಲೆಕ್ಕಕ್ಕೆ ಬರುತ್ತದೆ. ನೂರು ಮಕ್ಕಳಲ್ಲಿ ಐವರಿಗಿಂತ ಹೆಚ್ಚು ಜನರಲ್ಲಿ ಹೀಗೆ ಕಂಡರೆ ಆ ಜಿಲ್ಲೆಯಲ್ಲಿ ಅಯೋಡಿನ್ ಕೊರತೆ ಬೇರೂರಿದೆ ಎಂದು ಪರಿಗಣಿಸುತ್ತಾರೆ.

ಕತ್ತಿನ ಗಂಟು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದಕ್ಕೆ ಎಲ್ಲರೂ ಹೆದರುತ್ತಾರೆ. ಕಾಣದ ನಷ್ಟ ಅದಕ್ಕಿಂತ ದೊಡ್ಡದು. ತಡೆಯಬಹುದಾದ ಬುದ್ಧಿಮಾಂದ್ಯಕ್ಕೆ ಜಗತ್ತಿನಲ್ಲಿ ಅತಿ ದೊಡ್ಡ ಕಾರಣ ಅಯೋಡಿನ್ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ತೀವ್ರ ಕೊರತೆಯ ಪ್ರದೇಶಗಳಲ್ಲಿ ಬೆಳೆದ ಮಕ್ಕಳ ಬುದ್ಧಿಮತ್ತೆಯ ಅಂಕಗಳು ಉಳಿದವರಿಗಿಂತ ಸರಾಸರಿ ಹದಿಮೂರರಷ್ಟು ಕಡಿಮೆ ಇರುವುದನ್ನು ಹಲವು ಅಧ್ಯಯನಗಳ ಒಟ್ಟು ಲೆಕ್ಕ ತೋರಿಸಿದೆ. ಹಾಗಿರುವ ಮಗು ನೋಡುವುದಕ್ಕೆ ಎಲ್ಲರಂತೆಯೇ ಇರುತ್ತದೆ. ತರಗತಿಯಲ್ಲಿ ತೂಕಡಿಸುತ್ತದೆ, ಹೇಳಿದ್ದು ಬೇಗ ಹಿಡಿಸುವುದಿಲ್ಲ. ಮನೆಯಲ್ಲಿ ದಡ್ಡ ಎನ್ನುತ್ತಾರೆ, ಶಾಲೆಯಲ್ಲಿ ಸೋಮಾರಿ ಎನ್ನುತ್ತಾರೆ.

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಅದರ ಹೊಣೆಯನ್ನು ಉಪ್ಪಿನ ತಲೆಗೆ ಕಟ್ಟುವುದು ಸರಿಯಲ್ಲ. ಶಿಕ್ಷಕರ ಕೊರತೆ, ಗುಳೆ, ಬಡತನ, ರಕ್ತಹೀನತೆ ಹೀಗೆ ಅದಕ್ಕೆ ಹತ್ತಾರು ಕಾರಣಗಳನ್ನು ಹುಡುಕಬೇಕು. ಆದರೆ ಅಂಥ ಜಿಲ್ಲೆಯಲ್ಲಿ ಮಕ್ಕಳು ಹೊರಲೇಬೇಕಾದ ಹೊರೆಗಳೇ ಸಾಕಷ್ಟಿವೆ. ಪುಕ್ಕಟೆ ಎನ್ನುವಷ್ಟು ಅಗ್ಗದಲ್ಲಿ ಇಳಿಸಬಹುದಾದ ಒಂದು ಹೊರೆಯನ್ನೂ ಅವರ ತಲೆಯ ಮೇಲೆ ಬಿಡುವುದು ನ್ಯಾಯವಲ್ಲ.

ಉಪ್ಪಿನಲ್ಲಿ ಅಯೋಡಿನ್ ಇದೆಯೋ ಇಲ್ಲವೋ ತಿಳಿಯಲು ಆರೋಗ್ಯ ಕಾರ್ಯಕರ್ತರ ಬಳಿ ಪುಟ್ಟ ಕಿಟ್ ಇರುತ್ತದೆ. ಒಂದು ಹನಿ ಹಾಕಿದರೆ ಉಪ್ಪು ನೀಲಿಯಾಗುತ್ತದೆ. ಕಾರ್ಯಕ್ರಮಕ್ಕೆ ಆಯ್ದ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆ ತಿಂಗಳಿಗೆ 50 ಮನೆಗಳ ಉಪ್ಪನ್ನು ಹೀಗೆ ಪರೀಕ್ಷಿಸಬೇಕು. ಅದಕ್ಕೆ ಗೊತ್ತುಮಾಡಿದ ಪ್ರೋತ್ಸಾಹಧನ ತಿಂಗಳಿಗೆ 25 ರೂಪಾಯಿ! ಕಿಟ್ ಇಲ್ಲದೆಯೂ ಮಕ್ಕಳು ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ಆಲೂಗಡ್ಡೆಯನ್ನು ಹೆಚ್ಚಿ, ಹೆಚ್ಚಿದ ಭಾಗದ ಮೇಲೆ ಉಪ್ಪು ಉದುರಿಸಿ ಒಂದು ನಿಮಿಷ ಬಿಡಬೇಕು. ಅದರ ಮೇಲೆ ಎರಡು ಹನಿ ನಿಂಬೆರಸ ಹಿಂಡಬೇಕು. ನೀಲಿ ಬಣ್ಣ ಮೂಡಿದರೆ ಅಯೋಡಿನ್ ಇದೆ. ಆಲೂಗಡ್ಡೆಯ ಪಿಷ್ಟವೂ ಅಯೋಡಿನ್ನೂ ಕೂಡಿದಾಗ ಬರುವ ಬಣ್ಣ ಅದು. ಎಷ್ಟಿದೆ ಎಂಬುದು ಇದರಿಂದ ತಿಳಿಯದು. ಇದೆಯೆಂಬುದಷ್ಟೇ ತಿಳಿಯುತ್ತದೆ.

ಸೇಡಂ ಸೀಮೆಯ ಅಡುಗೆಮನೆ

ಚಿತ್ತಾಪುರದ ಮುಂದೆ ಕಾಗಿಣಾ ದಂಡೆಯ ಮೇಲೆ ಮಳಖೇಡ ಸಿಗುತ್ತದೆ. ಅದು ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಹಳೆಯ ಕೋಟೆಯೂ ಹೊಸ ಸಿಮೆಂಟ್ ಕಾರ್ಖಾನೆಯೂ ಒಂದೇ ಊರಿನ ನೆರಳಲ್ಲಿವೆ. ಅಲ್ಲಿಂದ ಸೇಡಂ ಬಹಳ ದೂರವಿಲ್ಲ. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಲಬುರಗಿ ತೊಗರಿಯ ಸೀಮೆ ಇದು.

ಇಲ್ಲಿನ ಊಟದ ತಟ್ಟೆಯಲ್ಲಿ ಜೋಳದ ರೊಟ್ಟಿಯೇ ಯಜಮಾನ. ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಮಜ್ಜಿಗೆ ಅದರ ಸಂಗಾತಿಗಳು. ಸಾಮಾನ್ಯವಾಗಿ ರೊಟ್ಟಿಯ ಹಿಟ್ಟಿಗೆ ಉಪ್ಪು ಬೀಳುವುದಿಲ್ಲ. ಉಪ್ಪು ಬರುವುದೆಲ್ಲ ಪಲ್ಯ, ಬೇಳೆ, ಹಿಂಡಿಗಳಿಂದ. ಹಾಲು, ಮೊಸರು, ಮೊಟ್ಟೆಗಳಿಂದ ಒಂದಿಷ್ಟು ಅಯೋಡಿನ್ ದೊರೆಯುತ್ತದೆ. ಕಡಲ ಮೀನು ಇಲ್ಲಿ ಅಪರೂಪ. ಹೀಗಾಗಿ ಪಲ್ಯಕ್ಕೆ ಯಾವ ಉಪ್ಪು ಬಿತ್ತು ಎನ್ನುವುದೇ ದೊಡ್ಡ ಪ್ರಶ್ನೆ.

ಲೆಕ್ಕ ಹೀಗಿದೆ. ಕಾನೂನಿನ ಪ್ರಕಾರ ಉಪ್ಪು ಗ್ರಾಹಕನ ಕೈಸೇರುವಾಗ ಅದರ ಹತ್ತು ಲಕ್ಷ ಭಾಗದಲ್ಲಿ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ಅಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೊಗ್ರಾಂ. ದಿನಕ್ಕೆ ಹತ್ತು ಗ್ರಾಂ ಉಪ್ಪು ತಿನ್ನುವವರಿಗೆ ಅದರಿಂದ 150 ಮೈಕ್ರೊಗ್ರಾಂ ಸಿಗುತ್ತದೆ. ಆದರೆ ರಕ್ತದೊತ್ತಡ ಏರದಿರಲು ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಗ ಅದೇ ಉಪ್ಪಿನಿಂದ ಸಿಗುವುದು 75 ಮಾತ್ರ. ಉಪ್ಪಿನಲ್ಲಿ 30 ಭಾಗ ಉಳಿದಿದ್ದರೆ ಮತ್ತೆ 150 ಆಗುತ್ತದೆ. ಅಂದಮೇಲೆ ಉಪ್ಪನ್ನು ಕಡಿಮೆ ತಿನ್ನುವ ಮನೆಯಲ್ಲೇ ಅದರೊಳಗಿನ ಅಯೋಡಿನ್ ಕಾಯುವುದು ಹೆಚ್ಚು ಅಗತ್ಯ.

ಕಾಯುವುದು ಕಷ್ಟವೇನಲ್ಲ. ಅಯೋಡಿನ್ನಿನ ವೈರಿಗಳು ತೇವ, ಬಿಸಿಲು ಮತ್ತು ಕಾವು. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಅಂಗಡಿಯ ಮುಂದೆ ಬಿಸಿಲಿಗೆ ಬಿದ್ದ ಚೀಲ, ಮಳೆಗಾಲದಲ್ಲಿ ಹಸಿ ನೆಲಕ್ಕೆ ತಾಗಿದ ಚೀಲ, ಒಲೆಯ ಮಗ್ಗುಲಲ್ಲಿ ಬಾಯಿ ತೆರೆದ ಮಡಕೆ ಇವೆಲ್ಲ ನಷ್ಟದ ದಾರಿಗಳು. ಹರಳುಪ್ಪಿನಲ್ಲಿ ಕಸವಿದೆಯೆಂದು ನೀರಲ್ಲಿ ತೊಳೆಯುವ ಹಳೆಯ ರೂಢಿಯೂ ಅಂಥದೇ, ಕಸದೊಡನೆ ಅಯೋಡಿನ್ನೂ ಹೋಗುತ್ತದೆ. ಪೊಟ್ಟಣ ಒಡೆದ ಕೂಡಲೇ ಮುಚ್ಚಳವಿರುವ ಡಬ್ಬಿಗೆ ಸುರಿದು, ಒಲೆಯಿಂದ ದೂರವಿಟ್ಟು, ಒಣ ಚಮಚೆಯಿಂದ ತೆಗೆದು, ಪಲ್ಯ ಇಳಿಸುವ ಹೊತ್ತಿಗೆ ಹಾಕಿದರೆ ಸಾಕು. ದನಕರುಗಳಿಗೆಂದು, ಕೈಗಾರಿಕೆಗೆಂದು ಮಾರುವ ಉಪ್ಪಿಗೆ ಅಯೋಡಿನ್ ನಿಯಮ ಅನ್ವಯಿಸದು. ಕೊಟ್ಟಿಗೆಗೆ ತಂದ ಚೀಲ ಅಡುಗೆಮನೆಗೆ ಬರಬಾರದು. ಈಚೆಗೆ ಪಟ್ಟಣಗಳಲ್ಲಿ ಆರೋಗ್ಯದ ಹೆಸರಲ್ಲಿ ಮಾರಾಟವಾಗುವ ಸೈಂಧವ ಲವಣ, ಗುಲಾಬಿ ಉಪ್ಪುಗಳಲ್ಲೂ ಅಯೋಡಿನ್ ಬೆರೆಸಿದ್ದಾರೆಯೇ ಎಂದು ಪೊಟ್ಟಣ ತಿರುಗಿಸಿ ನೋಡುವುದೊಳಿತು.

ಇಲ್ಲಿ ಇನ್ನೊಂದು ಮಾತು. 'ಅವರಿಗೆ ಥೈರಾಯ್ಡ್ ಬಂದದ' ಎಂಬ ಮಾತು ಈಗ ಊರೂರಲ್ಲಿ ಕೇಳುತ್ತದೆ. ಥೈರಾಯ್ಡ್ ಎಲ್ಲರಿಗೂ ಇರುವ ಗ್ರಂಥಿಯ ಹೆಸರೇ ಹೊರತು ರೋಗದ ಹೆಸರಲ್ಲ. ಅದರ ತೊಂದರೆಗಳೆಲ್ಲ ಅಯೋಡಿನ್ ಕೊರತೆಯಿಂದಲೇ ಬರುವುದೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದರಿಂದ ಬರುವ ತೊಂದರೆ ಹೆಂಗಸರಲ್ಲಿ ಸಾಮಾನ್ಯ. ವಿಪರೀತ ಆಯಾಸ, ಚಳಿ ತಡೆಯದಿರುವುದು, ಒಣ ಚರ್ಮ, ಮಲಬದ್ಧತೆ, ಮುಟ್ಟಿನ ಏರುಪೇರು, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಗ್ರಂಥಿ ಮಂದವಾದುದರ ಲಕ್ಷಣಗಳಿರಬಹುದು. ರಕ್ತಹೀನತೆಯಲ್ಲೂ ಆಯಾಸವಿರುತ್ತದೆ. ಆದ್ದರಿಂದ ಊಹೆಗಿಂತ ರಕ್ತಪರೀಕ್ಷೆ ಮೇಲು. ವೈದ್ಯರು ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಬಿಟ್ಟು ಅಯೋಡಿನ್ ಹನಿ, ಕಡಲಪಾಚಿಯ ಗುಳಿಗೆ ನುಂಗುವುದು ಅಪಾಯ. ಅಯೋಡಿನ್ ಅತಿಯಾದರೂ ಗ್ರಂಥಿ ಕೆಡುತ್ತದೆ. ಉಪ್ಪಿನಲ್ಲಿರುವಷ್ಟು ಪ್ರಮಾಣ ಆರೋಗ್ಯವಂತರಿಗೆ ಆ ಮಟ್ಟ ಮುಟ್ಟಿಸುವುದಿಲ್ಲ.

ಸೇಡಂ ದಾಟಿದ ರೈಲು ತಾಂಡೂರಿನ ಮೂಲಕ ಹೈದರಾಬಾದಿನ ಕಡೆಗೆ ಹೋಗುತ್ತದೆ. ಅಲ್ಲಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಅಯೋಡಿನ್ ಜೊತೆಗೆ ಕಬ್ಬಿಣವನ್ನೂ ಬೆರೆಸಿದ ಉಪ್ಪನ್ನು ರೂಪಿಸಿದ್ದಾರೆ. ರಕ್ತಹೀನತೆಯೂ ಕಾಡುವ ಕಡೆ ಒಂದೇ ಚಿಟಿಕೆಯಲ್ಲಿ ಎರಡು ಕೆಲಸ.

ಉಪ್ಪು ಹೊತ್ತವರ ತಾಂಡಾಗಳು

ಚಿಂಚೋಳಿಗೆ ರೈಲಿಲ್ಲ. ರಸ್ತೆಯಲ್ಲೇ ಹೋಗಬೇಕು. ಬಯಲು ಮುಗಿದು ಕೆಂಪು ನೆಲದ ಗುಡ್ಡಗಳು, ಕುರುಚಲು ಕಾಡು, ಚಂದ್ರಂಪಳ್ಳಿ ಜಲಾಶಯ ಎದುರಾಗುತ್ತವೆ. 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಣೆಯಾದ ಕಾಡು ಇದು. ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ತೆಲಂಗಾಣದ ಗಡಿ ಕೂಗಳತೆಯಲ್ಲಿದೆ. ಗುಡ್ಡಗಳ ಮಗ್ಗುಲಲ್ಲಿ ಲಂಬಾಣಿ ತಾಂಡಾಗಳು.

ಈ ತಾಂಡಾಗಳಿಗೂ ಉಪ್ಪಿಗೂ ಹಳೆಯ ನಂಟು. ಲಂಬಾಣಿ ಎಂಬ ಹೆಸರು 'ಲವಣ' ಶಬ್ದದಿಂದ ಬಂದಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹೆಸರಿನ ಮೂಲ ಏನೇ ಇರಲಿ, ಬಂಜಾರರು ಸಾವಿರಾರು ಎತ್ತುಗಳ ಬೆನ್ನಿಗೆ ಉಪ್ಪು, ದವಸ ಹೇರಿಕೊಂಡು ದಖ್ಖನಿನ ಉದ್ದಗಲಕ್ಕೂ ಸಾಗಿಸುತ್ತಿದ್ದುದು ಇತಿಹಾಸ. ಮೊಗಲರ ಸೇನೆಗೂ ಸರಕು ಒದಗಿಸಿದವರು ಅವರೇ. ರೈಲು ಬಂದು ಆ ಕಸುಬನ್ನು ನುಂಗಿತು. ಒಂದು ಕಾಲಕ್ಕೆ ಕಡಲಿನ ಉಪ್ಪನ್ನು ಒಳನಾಡಿಗೆ ಮುಟ್ಟಿಸಿದ ಜನ ಇಂದು ಬೇಸಿಗೆ ಬಂತೆಂದರೆ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ.

ಅಯೋಡಿನ್ ವಿಷಯದಲ್ಲಿ ಗುಳೆಯ ಮಾತು ಮುಖ್ಯ. ಗರ್ಭದಲ್ಲಿರುವ ಕೂಸಿನ ಸ್ವಂತ ಥೈರಾಯ್ಡ್ ಕೆಲಸ ಶುರುಮಾಡುವುದು ಸುಮಾರು ಮೂರು ತಿಂಗಳಿಗೆ. ಅಲ್ಲಿಯವರೆಗೆ ಅದರ ಮೆದುಳಿಗೆ ಬೇಕಾದ ಹಾರ್ಮೋನು ಪೂರ್ತಿ ತಾಯಿಯದೇ. ಎಷ್ಟೋ ಸಲ ತಾನು ಗರ್ಭಿಣಿಯೆಂದು ತಾಯಿಗೇ ಖಚಿತವಾಗುವ ಹೊತ್ತಿಗೆ ಈ ಕಾಲದ ಒಂದು ಭಾಗ ಕಳೆದಿರುತ್ತದೆ. ದೂರದ ಊರಿನ ಕೆಲಸದ ಜಾಗದಲ್ಲಿ ತಗಡಿನ ಗುಡಿಸಲಲ್ಲಿ ಇರುವವಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಇನ್ನೂ ತಡ. ಆಗ ಅವಳ ಜೊತೆಗಿರುವುದು ವೈದ್ಯರಲ್ಲ, ದಾದಿಯರಲ್ಲ, ಒಲೆಯ ಪಕ್ಕದ ಉಪ್ಪು ಮಾತ್ರ. ಅದಕ್ಕಾಗಿಯೇ ಹೆಣ್ಣುಮಕ್ಕಳು ಮದುವೆಗೆ, ಬಸುರಿಗೆ ಕಾಯದೆ ಶಾಲೆಯ ದಿನಗಳಿಂದಲೇ ಅಯೋಡಿನ್ ಉಪ್ಪು ತಿಂದು ಬೆಳೆದಿರಬೇಕು. ತಡವಾಗಿ ಕೊಟ್ಟ ಅಯೋಡಿನ್ ಗರ್ಭದಲ್ಲಿ ಆದ ನಷ್ಟವನ್ನು ತುಂಬಿಕೊಡಲಾರದು.

ಕಡಲಿಗೆ ಹತ್ತಿರವಿದ್ದವರೆಲ್ಲ ಈ ಚಿಂತೆಯಿಂದ ಪಾರು ಎಂದುಕೊಂಡರೆ ಅದೂ ತಪ್ಪು. 2018-19ರಲ್ಲಿ ನಡೆದ ಭಾರತ ಅಯೋಡಿನ್ ಸಮೀಕ್ಷೆಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 76ರಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪು ಬಳಕೆಯಲ್ಲಿತ್ತು. ತೀರಾ ಹಿಂದೆ ಬಿದ್ದ ರಾಜ್ಯಗಳಲ್ಲಿ ತಮಿಳುನಾಡು, ಆಂಧ್ರಪ್ರದೇಶ, ಒಡಿಶಾಗಳಿದ್ದವು. ಮೂರಕ್ಕೂ ಉದ್ದನೆಯ ಕಡಲ ಕಿನಾರೆಯಿದೆ! ಉಪ್ಪು ಬೆಳೆಯುವ ನಾಡಿನಲ್ಲಿ ಅಯೋಡಿನ್ ಸೇರದ ಬಿಡಿ ಹರಳುಪ್ಪು ಸುಲಭವಾಗಿ ಕೈಗೆ ಸಿಗುತ್ತದೆ. ಅದರಿಂದ ತಿಳಿಯುವುದಿಷ್ಟು, ಕಡಲು ಎಷ್ಟು ದೂರವಿದೆ ಎಂಬುದಕ್ಕಿಂತ ಅಂಗಡಿಯಲ್ಲಿ ಯಾವ ಉಪ್ಪು ಕೇಳಿ ಕೊಂಡರು ಎಂಬುದು ಮುಖ್ಯ. ಈ ಮಟ್ಟಿಗೆ ಚಿಂಚೋಳಿಯ ಗುಡ್ಡದ ತಾಂಡಾ ತೂತ್ತುಕುಡಿಯ ಉಪ್ಪಿನಾಗರಕ್ಕಿಂತ ಹಿಂದುಳಿಯಬೇಕಾಗಿಲ್ಲ.

ಚಿಂಚೋಳಿಯ ಗುಡ್ಡಗಳ ಮೇಲೆ ಸುರಿದ ಮಳೆ ಎಂದಿನಂತೆ ಮುಲ್ಲಾಮಾರಿಗೆ, ಕಾಗಿಣೆಗೆ, ಭೀಮೆಗೆ ಇಳಿದು ಹೋಗುತ್ತದೆ. ಹೋಗುವಾಗ ಮಣ್ಣಿನ ಸಾರವನ್ನೂ ಒಂದಿಷ್ಟು ಒಯ್ಯುತ್ತದೆ. ಅದನ್ನು ಯಾರೂ ತಡೆಯಲಾರರು. ಹೋದದ್ದನ್ನು ಮರಳಿ ತರುವ ಏರ್ಪಾಡು ಮಾತ್ರ ಆಗಿದೆ. ಕಾಂಗ್ರಾ ಕಣಿವೆಯಲ್ಲಿ ಪರೀಕ್ಷೆ ನಡೆದು, ಕಾನೂನು ಬಂದು, ಕಡಲ ದಂಡೆಯ ಉಪ್ಪು ಈ ಊರುಗಳ ಕಿರಾಣಿ ಅಂಗಡಿ ತಲುಪಿದೆ. ಅಂಗಡಿಯಿಂದ ತಟ್ಟೆಯವರೆಗಿನ ದಾರಿಯಷ್ಟೇ ಮನೆಯವರ ಪಾಲಿನದು. ಅಕ್ಟೋಬರ್ 21 ಅಯೋಡಿನ್ ಕೊರತೆ ತಡೆಯ ಜಾಗತಿಕ ದಿನ. ಅಂದು ಶಹಾಬಾದಿನಿಂದ ಚಿಂಚೋಳಿಯವರೆಗಿನ ಶಾಲೆಗಳಲ್ಲಿ ಪ್ರತಿ ಮಗುವೂ ಮನೆಯಿಂದ ಒಂದು ಚಮಚೆ ಉಪ್ಪು ಕಟ್ಟಿಕೊಂಡು ಬಂದು, ಒಂದು ಆಲೂಗಡ್ಡೆ, ಒಂದು ನಿಂಬೆಹಣ್ಣಿನೊಡನೆ ಪರೀಕ್ಷೆಗೆ ಕೂತರೆ ಎಷ್ಟು ಮನೆಗಳ ಉಪ್ಪು ನೀಲಿಯಾಗುತ್ತದೆಂದು ಊರಿಗೇ ತಿಳಿಯುತ್ತದೆ. ನೀಲಿಯಾಗದ ಮನೆಯವರು ಮರುದಿನ ಬೇರೆ ಪೊಟ್ಟಣ ತಂದರೆ, ಅಂದಿನ ಪಾಠ ಸಾರ್ಥಕ.